ರೊಟ್ಟೆ, ನದೆ, ಯಾದಗಿರೆ

ನಮ್ಮ ಹಾಸ್ಟೆಲಿನ ಹಳೆಯ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ಒಂದು ಸಲಹೆ ಬಂತು. ವಾರ್ಡನ್ ಸರ್ ನಿವೃತ್ತರಾಗಿ ಬಹಳ ವರ್ಷವಾಯಿತು, ಅವರನ್ನು ಕರೆಸಿ ಸನ್ಮಾನ ಮಾಡೋಣ, ಶಾಲು ಹಾರ ಎಲ್ಲರೂ ಹಾಕುತ್ತಾರೆ, ನಾವು ಬೆಳ್ಳಿಯದೊಂದು ಬಿಲ್ಲೆ ಮಾಡಿಸಿ ಅವರ ಕೊರಳಿಗೆ ಹಾಕೋಣ ಎಂದು ಒಬ್ಬ ಬರೆದಿದ್ದ. ಅದರ ಕೆಳಗೆ ಕೈಮುಗಿದ ಚಿತ್ರ, ಚಪ್ಪಾಳೆಯ ಚಿತ್ರ ಸಾಲುಸಾಲಾಗಿ ಬಿದ್ದವು. ಹಾಸ್ಟೆಲಿನಲ್ಲಿ ನಮ್ಮ ಕೊರಳಿಗೆ ಬೀಳುತ್ತಿದ್ದ ಆ ತಗಡಿನ ಬಿಲ್ಲೆ ಇಲ್ಲದಿದ್ದರೆ ನಾವು ಇವತ್ತು ನಾಲ್ಕು ಜನರ ಮುಂದೆ ಬಾಯಿ ತೆರೆಯುತ್ತಿರಲಿಲ್ಲ ಎಂದು ಇನ್ನೊಬ್ಬ ಬರೆದ. ಅವನೀಗ ಯಾದಗಿರಿಯ ಕಚೇರಿಯೊಂದರಲ್ಲಿ ಅಧಿಕಾರಿ. ಓದಿ ನನ್ನ ಮೈಯೆಲ್ಲ ಉರಿದುಹೋಯಿತು.

ಸನ್ಮಾನ ಮಾಡಲಿ, ನನ್ನ ತಕರಾರಿಲ್ಲ. ವಯಸ್ಸಾದವರಿಗೆ ಒಂದು ಶಾಲು ಹೊದಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಬಿಲ್ಲೆಯನ್ನು ಹಾಡಿ ಹೊಗಳುವುದಿದೆಯಲ್ಲ, ಅದು ನನ್ನಿಂದ ಸಹಿಸಲಾಗದು. ಗುಂಪಿನಲ್ಲಿ ಉತ್ತರ ಬರೆದೆ, ಅಳಿಸಿದೆ, ಮತ್ತೆ ಬರೆದೆ, ಮತ್ತೆ ಅಳಿಸಿದೆ. ಅಲ್ಲಿ ಹಿಡಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಶಹಾಪುರದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುವವನು. ಸಿಟ್ಟು ಬಂದರೂ ನನ್ನ ಕೈ ಬರೆಯುವುದು ಇದೇ ಅಚ್ಚಿನ ಕನ್ನಡವನ್ನೇ. ನೋಡು, ಬಿಲ್ಲೆಯೇ ನಿನಗೂ ಅನ್ನ ಹಾಕಿತಲ್ಲ ಎನ್ನುವವರು ಎನ್ನಲಿ. ಅನ್ನ ಸಿಕ್ಕಿದ್ದು ನಿಜ. ನನಗೂ ನನ್ನ ಅವ್ವನಿಗೂ ನಡುವೆ ಇದ್ದ ಮಾತು ಹೋದದ್ದೂ ನಿಜ.

ನಮ್ಮದು ಭೀಮಾ ನದಿ ದಂಡೆಯ ಊರು. ಅಪ್ಪ ಹೊಳೆಯಲ್ಲಿ ಬಲೆ ಹಾಕುತ್ತಿದ್ದ, ಅವ್ವ ಮೀನಿನ ಬುಟ್ಟಿ ಹೊತ್ತು ಶಹಾಪುರದ ಬಜಾರಿಗೆ ಬರುತ್ತಿದ್ದಳು. ಅಪ್ಪನ ಬಾಯಿಂದ ಮಾತು ಹೊರಡಿಸಬೇಕಾದರೆ ಹರಸಾಹಸ ಮಾಡಬೇಕು. ಅವ್ವ ಅದಕ್ಕೆ ಉಲ್ಟಾ. ಅವಳ ಮೀನು ಅರ್ಧ ಖರ್ಚಾಗುತ್ತಿದ್ದದ್ದು ಮಾತಿನ ಮೇಲೆಯೇ. ಕೊಳ್ಳಲು ಬಂದವರು ತಾಜಾ ಇದೆಯೇ ಎಂದು ಮೂಗು ಮುರಿದರೆ, ನಿನ್ನೆ ಹೊಳೆಯಲ್ಲಿ ನಿಮ್ಮ ಹೆಸರು ಕೇಳುತ್ತಿತ್ತು, ಅದಕ್ಕೇ ಹಿಡಿದುಕೊಂಡು ಬಂದೆ ಎನ್ನುತ್ತಿದ್ದಳು. ಬಂದವರು ನಗುತ್ತ ಕೈಚೀಲ ಮುಂದೆ ಚಾಚುತ್ತಿದ್ದರು. ಶಾಲೆಗೆ ರಜೆ ಇದ್ದಾಗ ನಾನು ಬುಟ್ಟಿಯ ಪಕ್ಕದಲ್ಲೇ ಕುಳಿತಿರುತ್ತಿದ್ದೆ. ಬಸ್ಸಿನಲ್ಲಿ ಹೋಗುತ್ತ ಬರುತ್ತ ಅವಳು ಮಾತಾಡುವುದು, ನಾನು ಎದುರು ಮಾತಾಡುವುದು, ಪಕ್ಕದ ಸೀಟಿನವರು ಕಿವಿ ಕೊಟ್ಟು ನಗುವುದು. ನಮ್ಮ ಮನೆಯ ಸಂಪತ್ತು ಎಂದರೆ ಅದೇ ಇತ್ತು.

ನಾನು ಐದನೆಯ ತರಗತಿ ಮುಗಿಸಿದ ಮೇಲೆ ಸುರಪುರದಲ್ಲಿ, ರಂಗಂಪೇಟೆ ದಾಟಿದ ಮೇಲಿನ ಒಂದು ವಸತಿ ಶಾಲೆಯಲ್ಲಿ ಸೀಟು ಸಿಕ್ಕಿತು. ಹುಡುಗರದಷ್ಟೇ ಶಾಲೆ. ಬಿಟ್ಟುಹೋಗಲು ಅವ್ವ ಬಂದಳು. ಕಬ್ಬಿಣದ ಟ್ರಂಕನ್ನು ಒಳಗಿಟ್ಟು, ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯನ್ನು ಅದರೊಳಗೆ ತುರುಕಿ, ಗೇಟಿನ ಹತ್ತಿರ ನಿಂತು ನನ್ನ ಗಲ್ಲ ಹಿಡಿದು ಒಂದೇ ಮಾತು ಹೇಳಿದಳು.

"ನನಗ ಓದಾಕ ಬರಂಗಿಲ್ಲ, ನೀ ಕಾಗದ ಬರದ್ರ ನನಗೇನು ತಿಳೀತದ? ಫೋನ್ ಮಾಡ್ತೀನಿ, ಬಾಯ್ತುಂಬ ಮಾತಾಡು. ನಿನ್ನ ದನಿ ಕೇಳಿದ್ರ ನೀ ಹೆಂಗದಿ ಅಂತ ನನಗ ಗೊತ್ತಾಗ್ತದ."

ಆತು ಎಂದೆ. ಆಗ ಅದೇನು ದೊಡ್ಡ ವಚನ ಅನ್ನಿಸಿರಲಿಲ್ಲ.

ಹಾಸ್ಟೆಲಿನ ರೀತಿ ರಿವಾಜುಗಳಿಗೆ ನಾನು ಬೇಗನೆ ಹೊಂದಿಕೊಂಡೆ. ಬೇವಿನ ಗಿಡಕ್ಕೆ ತೂಗುಹಾಕಿದ ರೈಲು ಹಳಿಯ ತುಂಡನ್ನು ಬಾರಿಸಿದರೆ ಏಳಬೇಕು. ನೀರಿನ ಹೌದಿನ ಸುತ್ತ ಚಡ್ಡಿಯಲ್ಲಿ ಕುಳಿತು ಚೊಂಬಿನಿಂದ ನೀರು ಸುರಿದುಕೊಳ್ಳಬೇಕು, ದೊಡ್ಡ ಹುಡುಗರ ಬೆನ್ನು ತಿಕ್ಕಬೇಕು. ಮನೆಯಿಂದ ಬಂದ ಬುತ್ತಿಯನ್ನು ಕೋಣೆಯ ಲೀಡರನ ಮುಂದೆ ಬಿಚ್ಚಬೇಕು, ಅವನು ರುಚಿ ನೋಡಿದ ಮೇಲೆ ಉಳಿದವರಿಗೆ ಹಂಚಿಕೆ. ನನ್ನ ಹಿಂಡಿಯ ಡಬ್ಬಿ ಮೊದಲ ದಿನವೇ ತಳ ಕಂಡಿತು. ನಮ್ಮ ಲೀಡರ್ ಗುರುಮಠಕಲ್ ಕಡೆಯ ಕಿರಾಣಿ ಅಂಗಡಿಯವರ ಮಗ. ಮೈಕೈ ತುಂಬಿಕೊಂಡ ಹುಡುಗ, ಕೈ ಸ್ವಲ್ಪ ಜೋರು. ಹಿಂಡಿ ತಿಂದು ಬೆರಳು ನೆಕ್ಕಿ, ನಿಮ್ಮವ್ವನ ಕೈ ಬರೋಬ್ಬರಿ ಅದ ಎಂದ. ಆ ಒಂದು ಮಾತಿಗೆ ಅವನ ತಲೆಗೆ ಮೊಟಕುವ ಚಾಳಿಯನ್ನೂ ನಾನು ಕ್ಷಮಿಸಿಬಿಟ್ಟೆ. ಇವೆಲ್ಲ ಎಲ್ಲ ಹಾಸ್ಟೆಲಿನಲ್ಲೂ ಇರುವಂಥವು. ಇವುಗಳ ಬಗ್ಗೆ ನನಗೆ ಸಿಟ್ಟಿಲ್ಲ.

ಬಿಲ್ಲೆ ಮಾತ್ರ ನಮ್ಮಲ್ಲೇ ಇದ್ದದ್ದು. ಎಣ್ಣೆ ಡಬ್ಬಿಯ ಮುಚ್ಚಳವನ್ನು ದುಂಡಗೆ ಕತ್ತರಿಸಿ, ತೂತು ಹಾಕಿ, ಸೆಣಬಿನ ಹುರಿ ಪೋಣಿಸಿದ ತಗಡು. ಮೇಲೆ ಕೆಂಪು ಬಣ್ಣದಲ್ಲಿ ‘ತಪ್ಪು’ ಎಂದು ಬರೆದಿತ್ತು. ಹಾಸ್ಟೆಲಿನ ಆವರಣದೊಳಗೆ ಯಾರು ಊರ ಮಾತು ಆಡುತ್ತಾರೋ ಅವರ ಕೊರಳಿಗೆ ಅದು ಬೀಳುತ್ತಿತ್ತು. ಹೋಗ್ಯಾನ ಎಂದರೆ ತಪ್ಪು, ಹೋಗಿದ್ದಾನೆ ಎನ್ನಬೇಕು. ಮಾಡಾಕತ್ತೀನಿ ಎಂದರೆ ತಪ್ಪು, ಮಾಡುತ್ತಿದ್ದೇನೆ ಎನ್ನಬೇಕು. ಕೊರಳಿಗೆ ಬಿದ್ದವನು ಇನ್ನೊಬ್ಬನ ತಪ್ಪು ಹಿಡಿದು ಅವನಿಗೆ ದಾಟಿಸುವವರೆಗೆ ಅದು ಇಳಿಯುವುದಿಲ್ಲ. ಸಂಜೆ ಊಟದ ಹೊತ್ತಿಗೆ ಯಾರ ಎದೆಯ ಮೇಲೆ ಇರುತ್ತದೋ ಅವನು ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಒಬ್ಬನೇ ಕುಳಿತು, ಎಲ್ಲರದೂ ಆದ ಮೇಲೆ ಉಳಿದದ್ದನ್ನು ಉಣ್ಣಬೇಕು. ಆ ತಗಡನ್ನು ಬಿಲ್ಲಿ ಎಂದು ಕರೆದದ್ದಕ್ಕೇ ಬಿಲ್ಲೆ ಹಾಕಿಸಿಕೊಂಡ ಹುಡುಗರಿದ್ದಾರೆ.

ಇದನ್ನು ತಂದ ವಾರ್ಡನ್ ಸರ್ ದೂರದವರಲ್ಲ. ಸೈದಾಪುರದ ಕಡೆಯವರು, ನಮ್ಮ ಮಣ್ಣಿನವರೇ. ಚಿಕ್ಕ ವಯಸ್ಸಿನಲ್ಲಿ ಬೆಂಗಳೂರಿಗೆ ಸಂದರ್ಶನಕ್ಕೆ ಹೋದಾಗ ಅವರ ಮಾತು ಕೇಳಿ ಮೇಜಿನ ಆ ಕಡೆ ಕುಳಿತವರು ನಕ್ಕರಂತೆ. ಪ್ರತಿವರ್ಷ ಹೊಸ ಹುಡುಗರು ಬಂದಾಗ ಆ ಕಥೆ ಹೇಳಿ, ನನ್ನನ್ನು ನೋಡಿ ನಕ್ಕ ಹಾಗೆ ನಿಮ್ಮನ್ನು ನೋಡಿ ಯಾರೂ ನಗಬಾರದು ಎನ್ನುತ್ತಿದ್ದರು. ಹೇಳುವಾಗ ಅವರ ಕಣ್ಣು ತುಂಬುತ್ತಿತ್ತು. ಕೆಟ್ಟ ಮನುಷ್ಯರೇನಲ್ಲ. ಕಂಬಳಿ ಇಲ್ಲದವರಿಗೆ ತಾವೇ ಕಂಬಳಿ ತಂದುಕೊಟ್ಟದ್ದನ್ನು ನೋಡಿದ್ದೇನೆ. ಆದರೂ ಹೇಳುತ್ತೇನೆ, ನಕ್ಕವರ ಮುಂದೆ ಬಾಯಿ ಮುಚ್ಚಿಕೊಂಡು ಬಂದು ಮಕ್ಕಳ ಬಾಯಿ ಹೊಲಿದವರು ಅವರು. ನಕ್ಕವರು ಇವತ್ತಿಗೂ ಆರಾಮಾಗಿ ನಗುತ್ತಲೇ ಇದ್ದಾರೆ.

ಅಚ್ಚಿನ ಕನ್ನಡ ಕಲಿಸಬಾರದಿತ್ತು ಎನ್ನುತ್ತಿಲ್ಲ. ಕಲಿಸಲಿಲ್ಲ ಎಂಬುದೇ ನನ್ನ ಸಿಟ್ಟು. ಕಲಿಸುವುದೆಂದರೆ ಪಕ್ಕದಲ್ಲಿ ಕೂರಿಸಿಕೊಂಡು, ಇದು ಮನೆಯ ಮಾತು, ಇದು ಬರೆಯುವ ಮಾತು, ಎರಡೂ ನಿನ್ನವೇ ಎಂದು ಹೇಳುವುದು. ನಮಗೆ ಸಿಕ್ಕಿದ್ದು ಹೆದರಿಕೆ ಒಂದೇ. ಹೆದರಿದ ಹುಡುಗರು ತಮಗೆ ತಾವೇ ಒಂದು ಸೂತ್ರ ಕಂಡುಕೊಂಡರು. ಮನಿ ತಪ್ಪು, ಮನೆ ಸರಿ. ಬೆಳಿ ತಪ್ಪು, ಬೆಳೆ ಸರಿ. ಹಾಗಾದರೆ ಕೊನೆಗೆ ಇಕಾರ ಬಂದಲ್ಲೆಲ್ಲ ಎಕಾರ ಹಾಕಿದರೆ ಮುಗಿಯಿತು, ಯಾರೂ ಹಿಡಿಯುವಂತಿಲ್ಲ. ಆ ಸೂತ್ರದ ಪ್ರಕಾರ ನಾವು ರೊಟ್ಟಿಯನ್ನು ರೊಟ್ಟೆ ಮಾಡಿದೆವು, ಚಟ್ನಿಯನ್ನು ಚಟ್ನೆ ಮಾಡಿದೆವು. ಭೀಮಾ ನದೆ ತುಂಬಿ ಹರಿಯುತ್ತಿದೆ ಎಂದು ನಾನೇ ಪ್ರಬಂಧ ಬರೆದಿದ್ದೇನೆ. ನಿನ್ನ ಊರು ಯಾವುದು ಎಂದು ಭೇಟಿಗೆ ಬಂದ ಸಾಹೇಬರೊಬ್ಬರು ಕೇಳಿದಾಗ ನನ್ನ ಪಕ್ಕದ ಹುಡುಗ ಎದೆಯುಬ್ಬಿಸಿ ‘ಯಾದಗಿರೆ’ ಎಂದ. ಮನೆಯಲ್ಲಿ ಅದನ್ನು ಯಾದಗೀರ ಎನ್ನುತ್ತಿದ್ದವನು, ಪುಸ್ತಕದಲ್ಲಿ ಯಾದಗಿರಿ ಎಂದು ಓದಿದವನು, ಎರಡನ್ನೂ ಬಿಟ್ಟು ಇಲ್ಲದ ಊರೊಂದನ್ನು ಹುಟ್ಟಿಸಿದ್ದ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರೂ ನಗಬಾರದು ಎಂದು ಕಟ್ಟಿದ ತಗಡಿನಿಂದಲೇ ಊರೆಲ್ಲ ನಗುವಂತಾಯಿತು. ಆ ಹುಡುಗ ಸಂಜೆ ಕಟ್ಟೆಯ ಮೇಲೆ ಕುಳಿತು ಉಂಡ.

ಇನ್ನೊಂದು ಆಟವಿತ್ತು. ಬಿಲ್ಲೆ ಬಿದ್ದವನು ಸುಮ್ಮನೆ ಹಿಂದಿನಿಂದ ಬಂದು ಇನ್ನೊಬ್ಬನ ತೊಡೆಗೆ ಜೋರಾಗಿ ಚಿವುಟುತ್ತಿದ್ದ. ಚಿವುಟಿಸಿಕೊಂಡವನು ‘ಯವ್ವಾ’ ಎಂದರೆ ಸಿಕ್ಕಿಬಿದ್ದ, ‘ಅಮ್ಮಾ’ ಎಂದರೆ ಪಾರಾದ. ನೋವಾದಾಗ ಬಾಯಿಗೆ ತಾನಾಗಿ ಬರುವ ಮಾತನ್ನೂ ತಿದ್ದಿಕೊಳ್ಳುವುದನ್ನು ನಾವು ಕಲಿತೆವು. ಮೊದಲು ಒಂದು ಕ್ಷಣ ತಡೆದುಕೊಳ್ಳಬೇಕು, ಆಮೇಲೆ ಕೂಗಬೇಕು. ನಾನು ಇದರಲ್ಲಿ ಬಲು ಹುಷಾರಾದೆ. ಎಷ್ಟು ಚಿವುಟಿದರೂ ನನ್ನ ಬಾಯಿಂದ ಅಮ್ಮಾ ಎಂದೇ ಬರುತ್ತಿತ್ತು. ಹೀಗೆ ನೋವನ್ನೇ ಕಾಗುಣಿತ ನೋಡಿ ಹೊರಗೆ ಬಿಡುವ ಶಿಸ್ತನ್ನು ಗುಂಪಿನವರು ಈಗ ಸಂಸ್ಕಾರ ಎನ್ನುತ್ತಾರೆ.

ಭಾನುವಾರ ಮನೆಯಿಂದ ಫೋನು ಬರುತ್ತಿತ್ತು. ಫೋನು ಇದ್ದದ್ದು ವಾರ್ಡನ್ ಸರ್ ಕೋಣೆಯಲ್ಲಿ, ಅವರ ಮೇಜಿನ ಮೇಲೆ. ಅವ್ವ ಬಜಾರಿನ ಅಂಗಡಿಯೊಂದರಿಂದ ಮಾಡುತ್ತಿದ್ದಳು. ನಾನು ರಿಸೀವರ್ ಹಿಡಿದು ನಿಲ್ಲುವುದು, ಸರ್ ಎದುರಿಗೆ ಕುಳಿತು ಪೇಪರ್ ಓದುವುದು. ಆ ಕಡೆಯಿಂದ ಅವ್ವ ಅಪ್ಪನ ಹರಿದ ಬಲೆ, ಪಕ್ಕದ ಮನೆಯ ಮೇಕೆ, ಅತ್ತೆಯ ಜಗಳ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ನೀ ಹೇಳು ಎನ್ನುತ್ತಿದ್ದಳು. ಊರ ಮಾತಿನಲ್ಲಿ ಹೇಳಿದರೆ ಅಲ್ಲೇ ಬಿಲ್ಲೆ ಬೀಳುತ್ತದೆ. ಅಚ್ಚಿನ ಮಾತಿನಲ್ಲಿ ಹೆತ್ತವಳ ಜೊತೆ ಮಾತಾಡಲು ನಾಚಿಕೆ. ಹೂಂ ಎನ್ನುವುದು ಮಾತ್ರ ಎರಡೂ ಕನ್ನಡದಲ್ಲಿ ಒಂದೇ. ಹಾಗಾಗಿ ನಾನು ಹೂಂ ಎನ್ನುತ್ತಿದ್ದೆ. ಉಂಡಿಯಾ ಎಂದರೆ ಹೂಂ, ಸಾಲಿ ಹೆಂಗದ ಎಂದರೆ ಹೂಂ. ಯಾಕೋ ನಿನ್ನ ದನಿ ಸಣ್ಣಗಾಗ್ಯದ ಎಂದು ಅವಳು ಗಾಬರಿಯಾದರೂ ಹೂಂ. ಫೋನಿಟ್ಟ ಮೇಲೆ ಸರ್ ಪೇಪರಿನಿಂದ ತಲೆ ಎತ್ತಿ, ಹೋಗು ಎಂದು ಕೈಸನ್ನೆ ಮಾಡುತ್ತಿದ್ದರು.

ರಜೆಗೆ ಮನೆಗೆ ಹೋದಾಗಲೂ ಹಾಗೇ ಆಯಿತು. ಬಾಯಿ ತೆರೆಯುವ ಮುಂಚೆ ಒಂದು ಕ್ಷಣ ತಡೆಯುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ತಡೆಯುವಷ್ಟರಲ್ಲಿ ಅವ್ವ ಇನ್ನೇನೋ ಕೇಳಿರುತ್ತಿದ್ದಳು. ಮಾತಾಡೋ, ಮಾತಾಡೋ ಎಂದು ಅವಳು ನನ್ನ ಬೆನ್ನಿಗೆ ಬೀಳುವುದು, ನಾನು ಹೂಂಗುಡುವುದು. ಹುಡುಗ ದೊಡ್ಡಾವಾದ, ಗಂಭೀರ ಆಗ್ಯಾನ ಎಂದು ಕೊನೆಗೆ ಅವಳೇ ಸಮಾಧಾನ ಮಾಡಿಕೊಂಡಳು.

ಎಂಟನೆಯ ತರಗತಿಯಲ್ಲಿದ್ದಾಗ ಒಂದು ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದವನಿಗೆ ಹೊಟ್ಟೆಯಲ್ಲಿ ಚಳುಕು ಶುರುವಾಯಿತು. ಹೊಕ್ಕಳಿನ ಸುತ್ತ ಯಾರೋ ಹುರಿ ಹಾಕಿ ಬಿಗಿದಂತಿತ್ತು. ಪ್ರಾರ್ಥನೆ ಮುಗಿದ ಮೇಲೆ ಸರ್ ಹತ್ತಿರ ಹೋದೆ. ನಮ್ಮ ಕಡೆ ಇಂಥ ನೋವಿಗೆ ಹೊಟ್ಟಿ ಕಡಿತ ಎನ್ನುತ್ತಾರೆ. ಹೊಟ್ಟಿ ಕಡ್ಯಾಕತ್ತದ ಎಂದರೆ ಹಾಲುಗಲ್ಲದ ಮಗುವಿಗೂ ತಿಳಿಯುತ್ತದೆ. ಆದರೆ ಎಲ್ಲ ಸಾಲುಗಳೂ ನನ್ನನ್ನೇ ನೋಡುತ್ತಿದ್ದವು, ಬಿಲ್ಲೆ ಹಾಕಿಕೊಂಡವನೊಬ್ಬ ಕಿವಿ ನಿಮಿರಿಸಿ ನಿಂತಿದ್ದ. ನಾನು ಒಂದು ಕ್ಷಣ ತಡೆದು ಮನಸ್ಸಿನಲ್ಲೇ ತಿದ್ದಿಕೊಂಡೆ. ಹೊಟ್ಟಿ ತಪ್ಪು, ಹೊಟ್ಟೆ ಸರಿ. ಕಡಿ ಎಂಬುದೂ ತಪ್ಪೇ ಇರಬೇಕು.

"ಸರ್, ಹೊಟ್ಟೆ ಕಡೆಯುತ್ತಿದೆ" ಎಂದೆ.

ಸರ್ ಹುಬ್ಬು ಏರಿಸಿದರು. ಸಾಲುಗಳ ಕಡೆ ತಿರುಗಿ, ಇವನು ಹೊಟ್ಟೆಯೊಳಗೆ ಮೊಸರು ಕಡೆಯುತ್ತಿದ್ದಾನಂತೆ, ಬೆಣ್ಣೆ ಬಂದ ಮೇಲೆ ನಮಗೂ ಕೊಡಲಿ ಎಂದರು. ಹುಡುಗರು ಬಿದ್ದು ಬಿದ್ದು ನಕ್ಕರು. ನಾನೂ ಹೊಟ್ಟೆ ಹಿಡಿದುಕೊಂಡೇ ಹಲ್ಲು ಕಿರಿದೆ. ಹೊಟ್ಟೆ ನೋಯುತ್ತಿದೆ ಎನ್ನಬೇಕು, ಹೇಳು ಎಂದರು. ಹೇಳಿದೆ. ಎಲ್ಲರೂ ಹೇಳಿ ಎಂದರು. ಹೊಟ್ಟೆ ನೋಯುತ್ತಿದೆ ಎಂದು ಇಡೀ ಹಾಸ್ಟೆಲ್ ರಾಗವಾಗಿ ಹೇಳಿತು. ಆಮೇಲೆ ಬಿಲ್ಲೆ ನನ್ನ ಕೊರಳಿಗೆ ಬಂತು. ಎಲ್ಲರೂ ತರಗತಿಗೆ ಹೋದರು, ನಾನೂ ಹೋದೆ. ನೋವಿಗೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ.

ಸರ್‌ಗೆ ನನ್ನ ಮಾತು ಅರ್ಥವಾಗಿರಲಿಲ್ಲ ಎಂದು ಗುಂಪಿನಲ್ಲಿ ಯಾರಾದರೂ ಹೇಳಿಯಾರು. ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ದೂರದಿಂದ ಬಂದವರಾಗಿದ್ದರೆ ತಿಳಿಯಲಿಲ್ಲ ಎಂದು ಬಿಟ್ಟುಬಿಡುತ್ತಿದ್ದೆ. ಇವರು ಸೈದಾಪುರದವರು. ಇವರ ತಾಯಿಯೂ ಹೊಟ್ಟಿ ಕಡಿತಕ್ಕೆ ಓಮಿನ ಕಾಳು ಅಗಿಸಿ ಬೆಳೆಸಿದವಳೇ. ಎಕಾರದ ಹಿಂದೆ ಅಡಗಿದ್ದ ಇಕಾರ ಅವರಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಕೇಳಿಸಿದ್ದರಿಂದಲೇ ಅಷ್ಟು ಚೆನ್ನಾಗಿ ಗೇಲಿ ಮಾಡಿದರು. ಅವರ ಕಿವಿಗೆ ತಪ್ಪು ಬಿತ್ತು, ಮುಂದೆ ನಿಂತ ಹುಡುಗನ ನೋವು ಬೀಳಲಿಲ್ಲ.

ಅವತ್ತು ಸಂಜೆ ಕಟ್ಟೆಯ ಮೇಲೆ ಕುಳಿತವನಿಗೆ ಒಂದು ತುತ್ತೂ ಇಳಿಯಲಿಲ್ಲ. ನೋವು ಹೊಕ್ಕಳಿನಿಂದ ಬಲಗಡೆಗೆ ಇಳಿದಿತ್ತು, ಮೈ ಸುಡುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಲು ಹೊರಟರೆ ಯಾವ ಅಕ್ಷರ ಸರಿ, ಯಾವುದು ತಪ್ಪು ಎಂಬ ಲೆಕ್ಕವೇ ಸಿಗುತ್ತಿರಲಿಲ್ಲ. ಬೆಳಿಗ್ಗೆ ಉಪ್ಪಿಟ್ಟಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವನು ಅಲ್ಲೇ ಕುಸಿದು ಬಿದ್ದೆ. ತಟ್ಟೆ ನೆಲದ ಮೇಲೆ ಗಿರಗಿರ ತಿರುಗಿದ ಸದ್ದು ನೆನಪಿದೆ.

ಮೊದಲು ನನ್ನ ಹತ್ತಿರ ಬಂದವನು ಲೀಡರ್. ಹಣೆ ಮುಟ್ಟಿ ನೋಡಿದ, ನಾನು ಕಾಲು ಮಡಚಿಕೊಂಡು ಬಿದ್ದಿದ್ದನ್ನು ನೋಡಿದ. ಸರ್ ಬಾಗಿಲಿನಿಂದಲೇ, ಏನದು ಗಲಾಟೆ, ಸರಿಯಾಗಿ ಹೇಳಿ ಎಂದರು. ಲೀಡರ್ ಸರಿಯಾಗಿ ಹೇಳಲು ಬಾಯಿ ತೆರೆದ. ಆದರೆ ಅವನಿಗೂ ಮಾತು ಹೊಂದಲಿಲ್ಲ. ಮನೆಯಲ್ಲಿ ಅರ್ಧ ತೆಲುಗು ಆಡಿಕೊಂಡು ಬೆಳೆದ ಅವನಿಗೆ ಅಚ್ಚಿನ ಕನ್ನಡ ನಮಗಿಂತ ದೂರ. ಆಗ ಅವನು ಬಗ್ಗಿ, ನನ್ನ ಕೊರಳಿನಿಂದ ಬಿಲ್ಲೆ ತೆಗೆದು, ಎಲ್ಲರೂ ನೋಡುತ್ತಿರುವಂತೆ ತನ್ನ ಕೊರಳಿಗೆ ಹಾಕಿಕೊಂಡ.

"ಬಿಲ್ಲಿ ನಾನೇ ಹಾಕ್ಕೊಂಡೀನ್ರಿ ಸರ್, ಈಗ ಕೇಳ್ರಿ" ಎಂದ. "ಹುಡುಗಂದು ನಿನ್ನಿಯಿಂದ ಹೊಟ್ಟಿ ಕಡ್ಯಾಕತ್ತದ. ನಿಮಗ ಗೊತ್ತದ. ಗಾಡಿ ತರಸ್ರಿ."

ದನಿ ಏರಿಸಲಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ಸಾಮಾನು ಇಲ್ಲ ಎಂದು ಹೇಳುವ ಹಾಗೆ ಹೇಳಿದ. ನನ್ನ ಹಿಂಡಿ ತಿಂದ ಆ ಹುಡುಗನಿಗೆ ನಾನು ಜೀವ ಇರುವವರೆಗೂ ಋಣಿ. ಸರ್ ಮುಖ ಬಿಳಿಚಿಕೊಂಡಿತು. ಓಡಿ ಬಂದು ನನ್ನ ಹೊಟ್ಟೆ ಮುಟ್ಟಿದರು, ನಾನು ಚೀರಿದೆ.

"ಲಗೂನ ಆಟೋ ಕರೀರಿ. ಹಗೂರ ಎತ್ತ್ರಿ ಹುಡುಗನ್ನ" ಎಂದರು. ಅವರ ಬಾಯಿಂದ ಸೈದಾಪುರ ಹಾಗೇ ಹೊರಗೆ ಬಂತು. ಬಿಲ್ಲೆಯನ್ನು ಅವರ ಕೊರಳಿಗೆ ಯಾರೂ ದಾಟಿಸಲಿಲ್ಲ.

ಸುರಪುರದ ದವಾಖಾನೆಯಲ್ಲಿ ಡಾಕ್ಟರು ನನ್ನ ಮೇಲೆ ಬಗ್ಗಿ, ಎಲ್ಲಿ ಬ್ಯಾನಿ ಆಗ್ತದಪ್ಪ ಎಂದು ಪ್ರೀತಿಯಿಂದ ನಮ್ಮ ಮಾತಿನಲ್ಲೇ ಕೇಳಿದರು. ಸರ್ ನನ್ನ ತಲೆಯ ಹತ್ತಿರ ನಿಂತಿದ್ದರು. ನಾನು ಕ್ಷಣ ತಡೆದು, ಹೊಟ್ಟೆಯ ಬಲಭಾಗದಲ್ಲಿ ನೋಯುತ್ತಿದೆ ಎಂದೆ. ಸರ್ ತಲೆಯಾಡಿಸಿದರು. ಗಾಬರಿಯಲ್ಲಿ ಆಡಿಸಿದರೋ, ವಾಕ್ಯ ಸರಿಯಾಗಿದೆ ಎಂದು ಆಡಿಸಿದರೋ ನನಗೆ ಗೊತ್ತಿಲ್ಲ. ಯಾವುದಾದರೂ ಇರಲಿ, ಆ ತಲೆ ಆಡಿದ್ದನ್ನು ನಾನು ಮರೆಯಲಾರೆ. ಇಲ್ಲಿ ಆಗುವುದಿಲ್ಲ, ಈಗಿಂದೀಗ ಯಾದಗಿರಿಗೆ ಒಯ್ಯಿರಿ ಎಂದು ಡಾಕ್ಟರು ಅಂಬುಲೆನ್ಸ್ ಮಾಡಿಸಿಕೊಟ್ಟರು.

ಗಾಡಿ ಶಹಾಪುರದ ಬಜಾರ್ ಹಾದುಹೋಗುವಾಗ ಹಾರ್ನಿನ ಸದ್ದು, ತರಕಾರಿಯವರ ಕೂಗು ಕೇಳಿ ಎಲ್ಲಿದ್ದೇನೆಂದು ತಿಳಿಯಿತು. ಅವ್ವ ಇಲ್ಲೇ ಎಲ್ಲೋ ಬುಟ್ಟಿಯ ಮುಂದೆ ಕುಳಿತು ಯಾರನ್ನೋ ನಗಿಸುತ್ತಿರುತ್ತಾಳೆ ಎನ್ನಿಸಿತು. ಗಾಡಿ ನಿಲ್ಲಿಸಿ ಎಂದು ಹೇಳಬೇಕೆಂದಿದ್ದೆ. ಬಾಯಿ ಏಳಲಿಲ್ಲ. ಭೀಮಾ ಸೇತುವೆ ದಾಟಿದ್ದು ಗೊತ್ತಾಗಲಿಲ್ಲ.

ಅಪೆಂಡಿಕ್ಸ್ ಒಡೆದಿತ್ತು. ಇನ್ನಷ್ಟು ತಡವಾಗಿದ್ದರೆ ಹುಡುಗ ಕೈಗೆ ಸಿಗುತ್ತಿರಲಿಲ್ಲ ಎಂದು ಯಾದಗಿರಿಯ ಡಾಕ್ಟರು ಹೇಳಿದ್ದನ್ನು ಆಮೇಲೆ ಅಪ್ಪ ಹೇಳಿದ. ನನಗೆ ಎಚ್ಚರವಾದಾಗ ಬೆಳಕು ಚೆನ್ನಾಗಿತ್ತು. ಅವ್ವ ಮಂಚದ ಅಂಚಿನಲ್ಲಿ ಕುಳಿತು ನನ್ನ ಕಾಲು ನೀವುತ್ತಿದ್ದಳು. ಬಜಾರಿನಿಂದ ಹಾಗೇ ಎದ್ದು ಬಂದಿದ್ದಳು, ಅವಳ ಸೀರೆಯಿಂದ ಮೀನಿನ ವಾಸನೆ ಬರುತ್ತಿತ್ತು. ಆ ವಾಸನೆಗೆ ನನ್ನ ಕಣ್ಣು ತುಂಬಿದವು. ನಾನು ಕಣ್ಣು ತೆರೆದದ್ದನ್ನು ನೋಡಿ ಅವಳ ಮುಖ ಅರಳಿತು.

"ಹೆಂಗದಿಯೋ ನನ್ನಪ್ಪ? ಬ್ಯಾನಿ ಭಾಳ ಅದ ಏನು?"

ಸರ್ ಅಲ್ಲಿರಲಿಲ್ಲ. ಬಿಲ್ಲೆ ಸುರಪುರದಲ್ಲಿತ್ತು. ಹೇಳುವುದು ರಾಶಿ ಇತ್ತು. ಆದರೂ ಅರಿವಳಿಕೆಯ ಮಂಪರಿನಲ್ಲೂ ನನ್ನೊಳಗಿನ ಆ ಕಾವಲುಗಾರ ಎದ್ದು ಕುಳಿತ, ಒಂದು ಕ್ಷಣ ತಡೆದ, ತಿದ್ದಿದ.

"ಈಗ ನೋವು ಕಡಿಮೆಯಾಗಿದೆ ಅಮ್ಮ. ನೀನು ಚಿಂತೆ ಮಾಡಬೇಡ."

ಅವ್ವ ತಟ್ಟನೆ ಹಿಂದೆ ತಿರುಗಿ ನೋಡಿದಳು. ಯಾರೋ ಸಾಹೇಬರು ಬಂದು ನಿಂತಿದ್ದಾರೆ, ನಾನು ಅವರಿಗೆ ಹೇಳುತ್ತಿದ್ದೇನೆ ಎಂದುಕೊಂಡಿರಬೇಕು. ಹಿಂದೆ ಯಾರೂ ಇರಲಿಲ್ಲ. ಅಪ್ಪ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದ, ಅಷ್ಟೇ. ಅವಳು ಮತ್ತೆ ನನ್ನ ಕಡೆ ತಿರುಗಿದಳು. ನನ್ನ ಕಾಲಿನ ಮೇಲಿದ್ದ ಕೈ ತೆಗೆದಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಮಂಚದ ಅಂಚಿನಿಂದ ಇಳಿದು ನಿಂತಳು.

"ಆತ್ರಿ, ಮಲಕೋರಿ" ಎಂದಳು.

ಚೇಷ್ಟೆ ಮಾಡುತ್ತಿರಲಿಲ್ಲ. ಚೇಷ್ಟೆ ಮಾಡುವಾಗ ಅವಳ ಕಣ್ಣು ಹೇಗಿರುತ್ತವೆ ಎಂದು ನನಗೆ ಗೊತ್ತಿತ್ತು. ತಾನು ರಿ ಎಂದದ್ದು ಅವಳಿಗೇ ತಿಳಿದಿರಲಿಲ್ಲ. ಅವಳ ಲೋಕದಲ್ಲಿ ಹಾಗೆ ಮಾತಾಡುವವರು ಬ್ಯಾಂಕಿನವರು, ತಹಶೀಲ್ ಕಚೇರಿಯವರು, ಪೊಲೀಸರು. ಅವರ ಮುಂದೆ ಕೂರುವುದಿಲ್ಲ, ತಲೆಯ ಮೇಲೆ ಸೆರಗಿಲ್ಲದೆ ನಿಲ್ಲುವುದಿಲ್ಲ, ರಿ ಹಚ್ಚದೆ ಮಾತಾಡುವುದಿಲ್ಲ. ಬಜಾರಿನಲ್ಲಿ ಬದುಕಿದವಳ ಬಾಯಿಗೆ ಅದು ತಾನಾಗಿ ಬರುತ್ತದೆ. ನಾನು ಯವ್ವಾ ಎಂದು ಕರೆಯಬೇಕೆಂದು ಬಾಯಿ ತೆರೆದೆ. ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ಉಸಿರು ಸಾಲಲಿಲ್ಲ.

ನಾನು ಮತ್ತೆ ಅದೇ ಹಾಸ್ಟೆಲಿಗೆ ಹೋದೆ, ಓದಿದೆ, ಮೇಷ್ಟ್ರಾದೆ. ನನ್ನ ಮಾತನ್ನು ನಾನೇ ಮತ್ತೆ ಕಲಿತೆ, ಬಸ್ ನಿಲ್ದಾಣದಲ್ಲಿ, ಚಹದಂಗಡಿಯಲ್ಲಿ, ಎಮ್ಮೆ ಕಾಯುವವರ ಜೊತೆ ಕುಳಿತು. ಈಗ ಊರಿನ ಯಾರಿಗೂ ಕಡಿಮೆ ಇಲ್ಲದ ಹಾಗೆ ಆಡುತ್ತೇನೆ. ಅವ್ವ ಮಾತ್ರ ನಂಬುವುದಿಲ್ಲ. ಸಾಹೇಬರು ನಮ್ಮಂಥವರ ಹತ್ತಿರ ಪ್ರೀತಿಗಾಗಿ ಹಾಗೆ ಮಾತಾಡುತ್ತಾರೆ ಎಂದುಕೊಂಡಿದ್ದಾಳೆ. ತಾಯಿಯೇ ರಿ ಅನ್ನುವಷ್ಟು ದೊಡ್ಡವನಾದ ಎಂದು ಊರಿನವರು ನನ್ನನ್ನು ಹೊಗಳುತ್ತಾರೆ. ಹೊಗಳಿದಾಗಲೆಲ್ಲ ಯಾರ ಕಪಾಳಕ್ಕೆ ಬಾರಿಸಬೇಕೋ ತಿಳಿಯುವುದಿಲ್ಲ.

ಅವಳು ಇವತ್ತಿಗೂ ಬಜಾರಿಗೆ ಬರುತ್ತಾಳೆ, ಬಿಡು ಎಂದರೆ ಬಿಡುವುದಿಲ್ಲ. ಕಳೆದ ವಾರ ಕಾಲೇಜು ಮುಗಿಸಿ ಅಲ್ಲಿಗೆ ಹೋದೆ. ಪಕ್ಕದವಳ ಜೊತೆ ಏನೋ ಹೇಳಿ ನಗುತ್ತಿದ್ದವಳು ನನ್ನನ್ನು ಕಂಡು ಸುಮ್ಮನಾಗಿ ಸೆರಗು ಸರಿಮಾಡಿಕೊಂಡಳು. ನಾನು ಬುಟ್ಟಿಯ ಪಕ್ಕದಲ್ಲಿ ಗೋಣಿಯ ಮೇಲೆ ಕುಳಿತೆ. ನನ್ನ ಬಟ್ಟೆ ನೋಡಿ, ಏಳ್ರಿ, ಅರಬಿ ಹೊಲಸಾಗ್ತಾವ ಎಂದಳು. ನಾನು ಏಳಲಿಲ್ಲ. ಅವಳ ಒದ್ದೆ ಕೈ ಹಿಡಿದುಕೊಂಡೆ.

"ಯವ್ವಾ, ನಾ ನಿನ್ನ ಮಗ ಅದೀನಿ. ಒಮ್ಮ್ಯಾರ ನನಗ ‘ನೀ’ ಅನ್ನಬೇ."

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಕೇಳಿದ್ದನ್ನು ಇಲ್ಲ ಎನ್ನಲು ಅವಳಿಗೆ ಮನಸ್ಸಿರಲಿಲ್ಲ. ತಲೆಯಾಡಿಸಿ ನಕ್ಕಳು.

"ಆತ್ರಿ" ಎಂದಳು.